ವಿಯೆನ್ನಾದಿಂದ ಬಂದ ಕರಡಿ

ಬಲ್ಗೇರಿಯಾದ ನಮ್ಮ ಊರು ಗಾಬ್ರೊವೊದಲ್ಲಿ ನಲವತ್ತೈದು ದಾಟದ ಯಾವ ಗಂಡಸೂ ಮಿನ್ಕಾಳ ಎದುರು ಗತ್ತು ತೋರಿಸುವುದಿಲ್ಲ. ನಮ್ಮ ಕಡೆಯವರಲ್ಲಿ ಮುಕ್ಕಾಲು ಪಾಲು ಜನರ ಒದ್ದೆ ಚಡ್ಡಿ ಬದಲಿಸಿದವಳು ಅವಳೇ. ನಗರಸಭೆಗೆ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಹೋದವಳು ಗಾಜಿನ ಕಿಟಕಿಯೊಳಗೆ ಬಗ್ಗಿ ನೋಡಿ, “ಏನೋ, ಈಗಲೂ ಎಡಗಾಲಿನ ಚಪ್ಪಲೀನ ಬಲಗಾಲಿಗೇ ಹಾಕ್ಕೊಳ್ತೀಯಾ?” ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಟೈ ಕಟ್ಟಿದ್ದ ಆ ಅಧಿಕಾರಿ ಮೇಜಿನ ಕೆಳಗೆ ತನ್ನ ಕಾಲನ್ನು ಒಮ್ಮೆ ನೋಡಿಕೊಂಡೇ ಸಹಿ ಹಾಕಿದ.

ಯಾಂತ್ರಾ ನದಿಯ ದಡದಲ್ಲಿರುವ ನಮ್ಮ ಶಿಶುವಿಹಾರದಲ್ಲಿ ಅವಳು ನಲವತ್ತೊಂದು ವರ್ಷದಿಂದ ‘ಲೆಲ್ಯಾ’. ಲೆಲ್ಯಾ ಎಂದರೆ ಚಿಕ್ಕಮ್ಮ. ಹಾಜರಿ ಪುಸ್ತಕದಲ್ಲಿ ‘ಸಹಾಯಕಿ’ ಎಂದಿದ್ದರೂ ಹಾಗೆ ಕರೆಯುವ ಎದೆಗಾರಿಕೆ ಯಾರಿಗೂ ಇಲ್ಲ. ಸೂಪು ಬಡಿಸುವುದು, ನೆಲ ಒರೆಸುವುದು, ಬೂಟಿನ ದಾರ ಕಟ್ಟುವುದು, ಊಟವಾದ ಮೇಲೆ ಇಪ್ಪತ್ಮೂರು ಮಕ್ಕಳನ್ನು ಬರೀ ಕಣ್ಣಿನಿಂದ ಮಲಗಿಸುವುದು ಅವಳ ಕೆಲಸ. ಮೂರು ವರ್ಷದ ಹಿಂದೆ ಅವಳನ್ನು ನಿವೃತ್ತಿ ಮಾಡಿ ಹೂಗುಚ್ಛ ಕೊಟ್ಟು ಕಳಿಸಿದೆವು. ಅವಳ ಜಾಗಕ್ಕೆ ಬಂದ ಹುಡುಗಿಯ ಬೂಟುಗಳನ್ನು ಮಕ್ಕಳು ಎರಡನೇ ದಿನವೇ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ಮೂರನೇ ದಿನ ಆ ಹುಡುಗಿ ಬರಲಿಲ್ಲ. ನಾಲ್ಕನೇ ದಿನ ಮಿನ್ಕಾ ಏಪ್ರನ್ ಕಟ್ಟಿಕೊಂಡು, ಹೂ ಬಾಡಿದೆ ಎಂದು ದೂರುತ್ತಲೇ ಒಳಗೆ ಬಂದಳು.

ನಾನು ರೂಝಾ, ಅಲ್ಲಿನ ದೊಡ್ಡ ಮಕ್ಕಳ ಗುಂಪಿನ ಟೀಚರ್. ಆರು ತುಂಬುವ ಮಕ್ಕಳನ್ನು ಒಂದನೇ ತರಗತಿಗೆ ತಯಾರು ಮಾಡಿ ಕಳಿಸುವವಳು. ಈ ಕತೆಯಲ್ಲಿ ತಪ್ಪು ಮಾಡಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ಬೀಗುವುದು ಬೇಡ.

ಮಿನ್ಕಾ ಬುದ್ಧಿವಂತೆಯೋ ಅಲ್ಲವೋ ಎಂಬುದನ್ನು ಸರ್ಕಾರ ಅವಳಿಗೆ ಏಳು ವರ್ಷವಾಗಿದ್ದಾಗಲೇ ತೀರ್ಮಾನಿಸಿತ್ತು. ಆಲೂಗಡ್ಡೆ ಸುಲಿಯುತ್ತಾ ಅವಳು ಈ ಕತೆಯನ್ನು ನನಗೆ ನಾಲ್ಕಾರು ಸಲ ಹೇಳಿದ್ದಾಳೆ. ಬೆಟ್ಟದ ಮೇಲಿನ ಅವಳ ಹಳ್ಳಿಗೆ ಸರ್ಕಾರದ ಕಡೆಯ ಮೂವರು ಬಂದರು. ಒಂದು ರಟ್ಟಿನ ಮೇಲೆ ನಾಲ್ಕು ಚಿತ್ರ ತೋರಿಸಿದರು. ಹಸು, ಕುರಿ, ನಾಯಿ, ತೋಳ. ಗುಂಪಿಗೆ ಸೇರದ್ದು ಯಾವುದು ಎಂದು ಕೇಳಿದರು. ಮಿನ್ಕಾ ತಡಮಾಡದೆ ‘ಹಸು’ ಎಂದಳು. ಮೂವರೂ ಮುಖ ಮುಖ ನೋಡಿಕೊಂಡು ಏನೋ ಬರೆದುಕೊಂಡರು.

“ನಮ್ಮ ಹಟ್ಟೀಲಿ ಕುರಿ ಇತ್ತು, ನಾಯಿ ಇತ್ತು. ತೋಳ ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ ಬಂದುಹೋಗ್ತಿತ್ತು,” ಎನ್ನುತ್ತಾಳೆ ಅವಳು. “ಹಸೂನ ಮಾತ್ರ ಸಹಕಾರಿ ಸಂಘದೋರು ಹೊಡ್ಕೊಂಡು ಹೋಗಿದ್ರು. ನಮ್ಮನೇಲಿ ಇಲ್ದೇ ಇದ್ದದ್ದು ಹಸು ಒಂದೇ. ನಾನು ಸರಿಯಾಗೇ ಹೇಳಿದ್ದೆ.”

ಆ ಕಾಗದದ ದೆಸೆಯಿಂದ ಅವಳನ್ನು ಶಾಲೆಯ ಏಳು ವರ್ಷವೂ ಹಿಂದಿನ ಬೆಂಚಿನಲ್ಲೇ ಕೂರಿಸಿದರು. ಆಮೇಲೆ ಶಾಲೆಯೂ ಸಾಕು ಎಂದರು. ಅವಳು ಇದನ್ನು ನಗುತ್ತಲೇ ಹೇಳುತ್ತಾಳೆ, ಆದರೆ ಆ ಹೊತ್ತಿಗೆ ಕೈಯಲ್ಲಿರುವ ಆಲೂಗಡ್ಡೆಯ ಸಿಪ್ಪೆ ಬಹಳ ದಪ್ಪ ದಪ್ಪ ಬರುತ್ತದೆ.

ಇನ್ನು ನನ್ನ ಗೋಣಿನ ವಿಷಯ. ಒಂಬತ್ತು ವರ್ಷ ನಾನು ವಿಯೆನ್ನಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಹೌದು ಎನ್ನಲು ಅಲ್ಲಿಯವರು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆ, ಇಲ್ಲ ಎನ್ನಲು ಅಡ್ಡಡ್ಡ. ನಾವು ಬಲ್ಗೇರಿಯಾದವರು ಹುಟ್ಟಿದಾಗಿನಿಂದ ಇದಕ್ಕೆ ಸರಿಯಾಗಿ ಉಲ್ಟಾ. ಮೇಲೆ ಕೆಳಗೆ ಎಂದರೆ ಉಹೂಂ, ಅಡ್ಡಡ್ಡ ಎಂದರೆ ಹೂಂ. ಊರಿಗೆ ಮರಳಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದು ಮಗು, “ಟೀಚರ್, ಒಂದಕ್ಕೆ ಹೋಗ್ಲಾ?” ಎಂದು ಕೇಳಿತು. ನಾನು ಅಕ್ಕರೆಯಿಂದ ವಿಯೆನ್ನಾದ ಗೋಣು ಆಡಿಸಿದೆ. ಮಗು ಕಣ್ಣಲ್ಲಿ ನೀರು ತುಂಬಿಕೊಂಡು ವಾಪಸ್ ಹೋಗಿ ಕೂತಿತು. ಐದು ನಿಮಿಷಕ್ಕೆ ಕುರ್ಚಿಯ ಕೆಳಗೂ ನೀರು.

ಬಕೆಟ್ ಹಿಡಿದು ಬಂದ ಮಿನ್ಕಾ ನನ್ನನ್ನು ಮೇಲಿಂದ ಕೆಳಗೆ ಅಳೆದಳು.

“ಏ ಹುಡುಗಿ, ವಿಯೆನ್ನಾದಲ್ಲಿ ನಿನ್ನ ಕತ್ತಿನ ತಿರುಪು ಯಾರು ಸಡಿಲ ಮಾಡಿದ್ದು?”

“ಅಭ್ಯಾಸ, ಲೆಲ್ಯಾ. ಹೋಗ್ಬಿಡುತ್ತೆ.”

“ಅದು ಹೋಗೋ ಅಷ್ಟರಲ್ಲಿ ನನ್ನ ನೆಲ ಹೋಗುತ್ತೆ. ಬಾ ಇಲ್ಲಿ.”

ಒಂದು ವಾರ ಪ್ರತಿದಿನ ಅಡುಗೆಮನೆಯಲ್ಲಿ ನನಗೆ ಗೋಣಿನ ಪಾಠ ಆಯಿತು. ಉಪ್ಪು ಸಾಕಾ, ಬೆಂದಿದೆಯಾ, ಗಂಡ ಚೆನ್ನಾಗಿದಾನಾ ಎಂದು ಕೇಳುವಳು. ತಪ್ಪಾಗಿ ಆಡಿಸಿದರೆ ಸೌಟಿನ ಹಿಡಿಯಿಂದ ಗಲ್ಲವನ್ನು ಸರಿಯಾದ ಕಡೆಗೆ ತಿರುಗಿಸುವಳು. ಕೊನೆಗೆ ನನ್ನ ತಲೆ ಊರಿಗೆ ಬಂತು. ಒಳಗಿನ ತಿರುಪು ಪೂರ್ತಿ ಬಿಗಿಯಾಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಹೋದ ಅಕ್ಟೋಬರಿನಲ್ಲಿ ನಮಗೆ ಆರು ಕಂಪ್ಯೂಟರ್ ಬಂದವು. ಅವುಗಳ ಒಳಗೆ ಒಂದು ಆಟ. ದೂರದ ಯಾವುದೋ ದೇಶದ ಕಂಪನಿ ಮಾಡಿದ್ದು. ಎಣಿಸುವುದು, ಆಕಾರ ಗುರುತಿಸುವುದು, ಜೋಡಿ ಹುಡುಕುವುದು, ಗುಂಪಿಗೆ ಸೇರದ್ದನ್ನು ಬೇರೆ ಮಾಡುವುದು, ಹೀಗೆ ಶಾಲೆಗೆ ಸೇರುವ ಮುಂಚೆ ಮಗುವಿಗೆ ಬರಬೇಕಾದದ್ದನ್ನೆಲ್ಲ ಆಡಿಸುತ್ತಲೇ ಕಲಿಸುವ ಆಟ. ಒಂದೇ ಒಂದು ಮಾತಿಲ್ಲ, ಒಂದು ಅಕ್ಷರವಿಲ್ಲ. ಮಾತಿಲ್ಲದ್ದರಿಂದ ಯಾವ ದೇಶದ ಮಗುವಾದರೂ ಆಡಬಹುದು ಎಂಬುದು ಅವರ ಹೆಮ್ಮೆ.

ಮಾತಿನ ಬದಲು ಒಂದು ಕರಡಿ ಇತ್ತು. ತೆರೆಯ ಎಡ ಮೂಲೆಯಲ್ಲಿ ಕೆಂಪು ಚಡ್ಡಿ ಹಾಕಿಕೊಂಡು ನಿಂತಿರುತ್ತದೆ. ಮಗು ಒಂದು ಚಿತ್ರದ ಮೇಲೆ ಒತ್ತಿದರೆ, ಕರಡಿ ಅದನ್ನು ನೋಡಿ ತಲೆ ಆಡಿಸುತ್ತದೆ. ಸರಿ ಇದ್ದರೆ ಒಂದು ಥರ, ತಪ್ಪಿದ್ದರೆ ಇನ್ನೊಂದು ಥರ. ತಪ್ಪಾಗಿದ್ದರೆ ಮಗು ಇನ್ನೊಮ್ಮೆ ಯೋಚಿಸಿ ಬೇರೆ ಚಿತ್ರ ಒತ್ತಬಹುದು. ಕೊನೆಗೆ ತೆರೆಯ ಮೇಲಿನ ಗಂಟೆಯ ಚಿತ್ರವನ್ನು ಒತ್ತಿದರೆ ಉತ್ತರ ಖಾಯಂ. ಗಂಟೆ ಬಾರಿಸಿ ಬಲೂನು ಹಾರುತ್ತದೆ. ಎಳೆಯ ಮನಸ್ಸು ನೋಯಬಾರದೆಂದು ತಪ್ಪಾದರೂ ಬಲೂನು, ಸರಿಯಾದರೂ ಬಲೂನು. ನಿಜವಾದ ಅಂಕ ಮಾತ್ರ ಗುಟ್ಟಾಗಿ ಟೀಚರ್ ತೆರೆಗೆ ಬರುತ್ತದೆ, ಹಸಿರು ಚುಕ್ಕೆ, ಕೆಂಪು ಚುಕ್ಕೆ.

ನಾನು ಮೊದಲು ಆಡಿ ನೋಡಿದೆ. ಇಪ್ಪತ್ತಕ್ಕೆ ಇಪ್ಪತ್ತು. ಆಹಾ, ಎಂಥ ಸ್ಪಷ್ಟವಾದ ಕರಡಿ ಎಂದುಕೊಂಡೆ.

ನಿಮಗೆ ಈಗಲೇ ಅರ್ಥವಾಗಿರುತ್ತದೆ, ಗೊತ್ತು. ನನಗೆ ಆರು ತಿಂಗಳು ಅರ್ಥವಾಗಲಿಲ್ಲ.

ಅಂಕಗಳು ಬರತೊಡಗಿದವು. ಎಲ್ಲರಿಗಿಂತ ಮುಂದೆ ಇದ್ದವನು ಅಸ್ಪರುಖ್. ರಾಜನ ಹೆಸರಿಟ್ಟುಕೊಂಡ ಈ ಕಿಡಿಗೇಡಿ ಯಾರ ಮುಖವನ್ನೂ ನೋಡುವವನಲ್ಲ, ಯಾರ ಮಾತನ್ನೂ ಕಿವಿ ಮೇಲೆ ಹಾಕಿಕೊಳ್ಳುವವನಲ್ಲ. ಕಂಪ್ಯೂಟರ್ ಮುಂದೆ ಕೂತು ಟಪಟಪ ಎಂದು ಒತ್ತಿ, ಗಂಟೆ ಬಾರಿಸಿ ಬಲೂನು ಹಾರಿಸುವುದಷ್ಟೇ ಅವನ ಗುರಿ. ಇಪ್ಪತ್ತಕ್ಕೆ ಹದಿನೆಂಟು. ಮಿಕ್ಕ ಮಕ್ಕಳು ಆರು, ಎಂಟು, ಹತ್ತು. ಎಲ್ಲರಿಗಿಂತ ಕೆಳಗೆ ಬಿಸೆರಾ. ಇಪ್ಪತ್ತಕ್ಕೆ ಸೊನ್ನೆ. ಮುಂದಿನ ವಾರ ಸೊನ್ನೆ. ಅದರ ಮುಂದಿನ ವಾರವೂ ಸೊನ್ನೆ.

ಬಿಸೆರಾ ಎಂಥ ಹುಡುಗಿ ಎಂದರೆ, ನೀವು ಮಾತಾಡುವಾಗ ನಿಮ್ಮ ಹುಬ್ಬನ್ನೂ ನೋಡುತ್ತಾಳೆ. ತುಟಿ ಪಿಟಕ್ಕೆನ್ನುವುದಿಲ್ಲ. ನಿಮ್ಮ ಮುಖ ಬಾಡಿದ್ದರೆ ಬಂದು ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತಾಳೆ. ಕರಡಿಯ ಮುಂದೆಯೂ ಹಾಗೇ. ಪ್ರತಿ ಸಲ ಅದರ ಮುಖ ನೋಡಿ, ಯೋಚಿಸಿ, ಅದು ಹೇಳಿದಂತೆ ಮಾಡುತ್ತಿದ್ದಳು. ನಾನು ನನ್ನ ವರದಿಯಲ್ಲಿ ಅವಳ ಹೆಸರಿನ ಮುಂದೆ ‘ಗಮನ ಕೊಡುವ ಶಕ್ತಿ ಕಡಿಮೆ’ ಎಂದು ದುಂಡಗೆ ಬರೆದೆ. ಬರೆದು ಕೆಳಗೆ ಸಹಿಯನ್ನೂ ಹಾಕಿದೆ.

ಮಾರ್ಚ್‌ನಲ್ಲಿ ಆ ಅಂಕಗಳ ಮೇಲೆ ಶಿಕ್ಷಣ ಇಲಾಖೆಯಿಂದ ಪಟ್ಟಿ ಬಂತು. ಬಿಸೆರಾ ಸೆಪ್ಟೆಂಬರಿನಲ್ಲಿ ಒಂದನೇ ತರಗತಿಗೆ ಹೋಗುವಂತಿಲ್ಲ, ಕಲಿಕೆಯಲ್ಲಿ ಹಿಂದುಳಿದವರಿಗೆಂದು ಇರುವ ನದಿಯಾಚೆಯ ವಿಶೇಷ ಗುಂಪಿಗೆ ಹೋಗಬೇಕು. ಶುಕ್ರವಾರ ಇಲಾಖೆಯ ಸಮಿತಿ ಬಂದು ಅದನ್ನು ಖಾಯಂ ಮಾಡುವುದಿತ್ತು. ಸುದ್ದಿಯನ್ನು ತಾಯಿಗೆ ನಾನೇ ಹೇಳಬೇಕಾಯಿತು. ತಾಯಿ ಎಲ್ಕಾ ಹೆಣಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಮಕ್ಕಳ ಕೋಟು ನೇತುಹಾಕುವ ಕೋಣೆಯಲ್ಲಿ, ಛತ್ರಿಯ ಚಿತ್ರ ಅಂಟಿಸಿದ ಮಗಳ ಕಪಾಟಿನ ಮುಂದೆ ಮಂಡಿಯೂರಿ ಅವಳ ಕೋಟಿನ ಗುಂಡಿ ಹಾಕುತ್ತಿದ್ದಳು. ಮಾತು ಕೇಳಿ ಅವಳ ಕೈ ಅಲ್ಲೇ ನಿಂತಿತು.

“ಟೀಚರ್, ಮನೇಲಿ ನೂಲಿನ ಬಣ್ಣ ನನಗಿಂತ ಚೆನ್ನಾಗಿ ಗುರುತಿಸ್ತಾಳೆ.”

“ನನಗೂ ಬೇಜಾರಿದೆ, ಎಲ್ಕಾ.”

“ಬ್ಯಾಗ್ ತಗೊಂಡುಬಿಟ್ಟಿದೀನಿ. ನರಿ ಚಿತ್ರದ್ದು. ದಿನಾ ಸಂಜೆ ಬೆನ್ನಿಗೆ ಹಾಕ್ಕೊಂಡು ಮನೆಯೆಲ್ಲಾ ಓಡಾಡ್ತಾಳೆ. ಈಗ ಏನಂತ ಹೇಳ್ಲಿ ಅವಳಿಗೆ?”

ಬಿಸೆರಾ ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡುತ್ತಿದ್ದಳು. ಏನೂ ಹೇಳುವ ಅಗತ್ಯ ಇರಲಿಲ್ಲ. ಒಳ್ಳೆಯದಾಗಲೆಂದು ನಮ್ಮಲ್ಲಿ ಮಾರ್ಚ್ ತಿಂಗಳಲ್ಲಿ ಮಣಿಕಟ್ಟಿಗೆ ಕಟ್ಟುವ ಕೆಂಪು ಬಿಳಿ ದಾರವನ್ನು ತಿರುಚುತ್ತಾ ನಿಂತಳು. ಬಾಗಿಲ ಹಿಂದೆ ನೆಲ ಒರೆಸುತ್ತಿದ್ದ ಮಿನ್ಕಾಳ ಕೋಲು ಕೂಡ ಸದ್ದು ನಿಲ್ಲಿಸಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ನನಗೆ ಕರೆ ಬಂತು.

“ಆ ಮಗೂಗೆ ಎಣಿಸೋಕ್ಕೆ ಬರಲ್ಲ ಅಂತ ಬರೆದಿದೀಯಾ?”

“ನಾನಲ್ಲ ಲೆಲ್ಯಾ, ಅಂಕ ಹಾಗೆ ಹೇಳುತ್ತೆ.”

“ದಿನಾ ನನ್ನ ಜೊತೆ ಚಮಚ ಇಡೋಳು ಅವಳು. ಇಪ್ಪತ್ಮೂರು ಚಮಚ. ನಿನ್ನೆ ಎರಡನ್ನ ವಾಪಸ್ ತಂದುಕೊಟ್ಲು. ‘ಲೆಲ್ಯಾ, ಅವಳಿಗಳು ಬಂದಿಲ್ಲ’ ಅಂದ್ಲು. ನೀನು ಹಾಜರಿ ಹಾಕೋ ಮುಂಚೆ.”

“ಯಂತ್ರ ಸುಳ್ಳು ಹೇಳಲ್ಲ.”

“ಯಂತ್ರದ ಮಾತು ಬಿಡು, ಸೊನ್ನೆ ಮಾತಾಡು. ಆ ಅಸ್ಪರುಖ್ ಕಣ್ಣು ಮುಚ್ಚಿಕೊಂಡು ಒತ್ತಿದ್ರೂ ನಾಲ್ಕು ಸರಿ ಬೀಳುತ್ತೆ. ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪು ಮಾಡೋದು ಸುಲಭದ ಕೆಲಸ ಅಂದ್ಕೊಂಡಿದೀಯಾ? ಅದಕ್ಕೆ ಬುದ್ಧಿ ಬೇಕು ಕಣೆ, ಬುದ್ಧಿ!”

ಉತ್ತರವಿಲ್ಲದಾಗ ನನಗೆ ಸಿಟ್ಟು ಬರುತ್ತದೆ. “ಅಷ್ಟೊಂದು ಗೊತ್ತಿದ್ರೆ ನೀನೇ ಬಂದು ಆಡಿ ನೋಡು,” ಎಂದುಬಿಟ್ಟೆ. ಅವಳು ಏಪ್ರನ್‌ಗೆ ಕೈ ಒರೆಸಿಕೊಂಡು, ಕಾದಿದ್ದವಳ ಥರ, “ಮಕ್ಕಳು ಮಲಗ್ಲಿ, ಬರ್ತೀನಿ,” ಎಂದಳು.

ಬಂದಳು. ಬೊಂಬೆಗಳಿಗೆ ತಕ್ಕಷ್ಟಿದ್ದ ಕುರ್ಚಿಯಲ್ಲಿ ಅರ್ಧ ಕೂತಳು. ಇದರ ಹೆಸರು ಇಲಿ ಎಂದು ನಾನು ಮೌಸನ್ನು ಕೈಗಿತ್ತೆ.

“ನಲವತ್ತು ವರ್ಷ ಈ ಮನೆಯಿಂದ ಇಲಿ ಓಡಿಸಿದೀನಿ. ಇವತ್ತು ಕೈಲಿ ಹಿಡ್ಕೋ ಅಂತೀಯ.”

ಮೊದಲನೆಯದು ಮೂರು ಸೇಬು. ಕೆಳಗೆ ಎರಡು, ಮೂರು, ನಾಲ್ಕು ಎಂಬ ಅಂಕಿಗಳು. ಮಿನ್ಕಾ ಮೂರನ್ನು ಒತ್ತಿದಳು. ಕರಡಿ ತಲೆಯನ್ನು ಮೇಲೆ ಕೆಳಗೆ ಆಡಿಸಿತು. ಅವಳು ಹುಬ್ಬು ಗಂಟಿಕ್ಕಿ ನಾಲ್ಕಕ್ಕೆ ಹೋದಳು. ಕರಡಿ ತಲೆಯನ್ನು ಅಡ್ಡಡ್ಡ ಆಡಿಸಿತು. “ಹಾಂ,” ಎಂದು ಗಂಟೆ ಬಾರಿಸಿದಳು. ಬಲೂನು ಹಾರಿತು. ಪಕ್ಕದ ನನ್ನ ತೆರೆಯಲ್ಲಿ ಕೆಂಪು ಚುಕ್ಕೆ ಬಿತ್ತು.

“ಲೆಲ್ಯಾ, ಮೂರೇ ಸೇಬಲ್ವಾ ಇರೋದು? ಕನ್ನಡಕ ತರ್ಲಾ?”

“ನಾನೂ ಮೂರೇ ಅಂದೆ. ಕರಡಿ ಅಲ್ಲ ಅಂತು. ಎಲೆ ಹಿಂದೆ ಇನ್ನೊಂದು ಸೇಬು ಇಟ್ಟಿರ್ಬೇಕು ಅಂದ್ಕೊಂಡೆ. ಸುಮ್ನಿರು, ಆಡೋಕ್ಕೆ ಬಿಡು.”

ಪಾಪ, ವಯಸ್ಸಾಯಿತು ಎಂದುಕೊಂಡೆ ನಾನು. ಎರಡನೆಯದೂ ಕೆಂಪು, ಮೂರನೆಯದೂ ಕೆಂಪು. ನಾಲ್ಕನೆಯ ಚಿತ್ರ ಬಂದಾಗ ಅವಳ ಕೈ ತಡೆಯಿತು. ಹಸು, ಕುರಿ, ನಾಯಿ, ತೋಳ. ಗುಂಪಿಗೆ ಸೇರದ್ದು ಯಾವುದು?

ಮಿನ್ಕಾ ತೆರೆಯನ್ನು ಬಹಳ ಹೊತ್ತು ನೋಡಿದಳು.

“ಈಗ ನನಗೆ ಗೊತ್ತು,” ಎಂದು ತೋಳವನ್ನು ಒತ್ತಿದಳು. “ಅವರಿಗೆ ಬೇಕಾಗಿದ್ದದ್ದು ತೋಳ.”

ಕರಡಿ ತಲೆಯನ್ನು ಮೇಲೆ ಕೆಳಗೆ ಆಡಿಸಿತು.

“ತೋಳ ಅಲ್ವಂತೆ!” ಅವಳ ದನಿ ಸಣ್ಣಗಾಯಿತು. ಇಲಿಯನ್ನು ಮೆಲ್ಲಗೆ ಎಳೆದುಕೊಂಡು ಹೋಗಿ ಹಸುವನ್ನು ಒತ್ತಿದಳು. ಕರಡಿ ತಲೆಯನ್ನು ಅಡ್ಡಡ್ಡ ಆಡಿಸಿತು. ಮಿನ್ಕಾಳ ಮುಖ ಅರಳಿದ್ದನ್ನು ನಾನು ಹೇಗೆ ಹೇಳಲಿ! ಗಂಟೆ ಬಾರಿಸಿ ನನ್ನ ಕೈ ಹಿಡಿದುಕೊಂಡಳು. “ನೋಡಿದ್ಯಾ ಹುಡುಗಿ? ಹಸು! ಐವತ್ತೆಂಟು ವರ್ಷ ಆದ್ಮೇಲೆ ಯಾರೋ ಒಬ್ರು ಹೂಂ ಅಂದ್ರು!”

ಕೆಂಪು ಚುಕ್ಕೆ. ಸುಮ್ಮನಿರಬೇಕಿತ್ತು, ನನ್ನ ಬಾಯಿ ಸುಮ್ಮನಿರುವುದಲ್ಲ. “ತಪ್ಪು ಅಂತ ಬಂತು, ಲೆಲ್ಯಾ,” ಎಂದೆ.

“ಹೆಂಗೆ ತಪ್ಪು? ಹೂಂ ಅಂತಲ್ಲ!”

“ಎಲ್ಲಿ ಹೂಂ ಅಂತು? ತಲೆ ಅಡ್ಡ ಆಡಿಸ್ತಲ್ಲ, ಅಂದ್ರೆ…”

ಮಿನ್ಕಾ ಕರಡಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಕತ್ತನ್ನೇ ನೋಡಿದಳು ಎಂದರೆ ಸರಿ.

“ಏ ಹುಡುಗಿ,” ಎಂದಳು ನಿಧಾನವಾಗಿ. “ಈ ಕರಡೀನೂ ವಿಯೆನ್ನಾದಿಂದ ಬಂದಿದ್ದಾ?”

ನಾನು ಭೂಮಿಗಿಳಿದು ಹೋದೆ. ಕರಡಿಯನ್ನು ನೋಡದೆ ಒತ್ತಿದ ತುಂಟನಿಗೆ ಹದಿನೆಂಟು, ಕರಡಿಯ ಮಾತನ್ನು ಅಕ್ಷರಶಃ ಪಾಲಿಸಿದ ಮಗುವಿಗೆ ಸೊನ್ನೆ. ಪ್ರತಿ ಸಲವೂ ಬಿಸೆರಾ ಮೊದಲು ಸರಿಯಾದದ್ದನ್ನೇ ಒತ್ತಿರಬೇಕು, ಕರಡಿ ‘ಉಹೂಂ’ ಎಂದಿದೆ ಎಂದುಕೊಂಡು ಬದಲಿಸಿರಬೇಕು. ಅದರ ಮೇಲೆ ಗಮನ ಸಾಲದು ಎಂದು ನನ್ನ ದುಂಡು ಅಕ್ಷರ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಮಿನ್ಕಾ ಏಪ್ರನ್ ಜೇಬಿನಿಂದ ಯಾರದೋ ಪುಟ್ಟ ಕಾಲುಚೀಲ ತೆಗೆದು ಕಣ್ಣೊರೆಸಿಕೋ ಎಂದು ಕೊಟ್ಟಳು.

ಕೂಡಲೇ ಇಲಾಖೆಗೆ ಫೋನ್ ಮಾಡಿದೆ. ಆಟದ ಉಸ್ತುವಾರಿ ಅಧಿಕಾರಿ ಕ್ರುಮೋವ್ ಎಂಬಾತ. ಪೂರ್ತಿ ಕೇಳಿಸಿಕೊಂಡ, ಕೇಳಿಸಿಕೊಂಡು ನಕ್ಕ.

“ಮೇಡಂ, ಇಪ್ಪತ್ತೆರಡು ದೇಶದಲ್ಲಿ ಮಕ್ಕಳು ಇದನ್ನ ಆಡ್ತಿದಾರೆ. ಅವರಿಗೆಲ್ಲ ಕರಡಿ ಅರ್ಥ ಆಗುತ್ತೆ, ನಿಮ್ಮ ಮಗೂಗೆ ಮಾತ್ರ ಆಗಲ್ಲ ಅಂದ್ರೆ ಅದನ್ನ ಪತ್ತೆ ಮಾಡೋಕ್ಕೇ ಅಲ್ವಾ ಆಟ ಇರೋದು?”

“ಆದ್ರೆ ನಮ್ಮ ಗೋಣು…”

“ಗೋಣಿನ ವಿಷಯ ಅರ್ಜೀಲಿ ಬರೆಯೋಕ್ಕೆ ಜಾಗ ಇಲ್ಲ ಮೇಡಂ. ಶುಕ್ರವಾರ ಸಹಿ ಅಷ್ಟೇ ಬಾಕಿ.”

ನಾಲ್ಕು ಪುಟದ ಪತ್ರ ಬರೆಯಲು ಕೂತೆ. ಮಿನ್ಕಾ ಪೆನ್ನು ಕಿತ್ತುಕೊಂಡಳು.

“ಕಾಗದ ಬರೆದ್ರೆ ಕಾಗದ ಬರುತ್ತೆ. ಶುಕ್ರವಾರ ಅವನು ಊಟಕ್ಕಿರ್ತಾನಾ?”

“ಹನ್ನೊಂದೂವರೆಗೆ ಬರ್ತಾನೆ. ಯಾಕೆ?”

“ಪೂರ್ತಿ ಹೆಸರೇನು?”

“ದಿಮಿತರ್ ಕ್ರುಮೋವ್.”

ನಮ್ಮಲ್ಲಿ ದಿಮಿತರ್ ಎಂಬ ಹೆಸರಿನ ಮುದ್ದಿನ ರೂಪ ಮಿತ್ಕೋ. ಅವಳು ಕಿಸಕ್ಕೆಂದಳು. “ಬಟಾಣಿ ಮಿತ್ಕೋ! ಮೂಗಿಗೆ ಬಟಾಣಿ ತುರುಕ್ಕೊಂಡು, ಅದು ಮೊಳಕೆ ಬರುತ್ತೆ ಅಂತ ಮೂರು ದಿನ ಯಾರಿಗೂ ಹೇಳಿರ್ಲಿಲ್ಲ. ಬರ್ಲಿ.”

ಶುಕ್ರವಾರ ಬಂದ. ಜೊತೆಗೆ ದಪ್ಪ ಫೈಲು ಹಿಡಿದ ಒಬ್ಬ ಮನಶ್ಶಾಸ್ತ್ರಜ್ಞೆ. ಕೋಟು ತೆಗೆಯುವ ಮುಂಚೆಯೇ ಪಟ್ಟಿ ಕೇಳಿದ. ಮಿನ್ಕಾ ಸೌಟು ಹಿಡಿದು ಬಾಗಿಲಲ್ಲಿ ನಿಂತಳು.

“ಮೊದಲು ಊಟ. ಕೈ ತೊಳ್ಕೊಂಡ್ಯಾ, ಮಿತ್ಕೋ?”

ಅವನು ಅವಳನ್ನು ನೋಡಿದ. ಮುಖದ ಅಧಿಕಾರವೆಲ್ಲ ಇಳಿದು ಕಿವಿ ಕೆಂಪಾಯಿತು. ಹೋಗಿ ಕೈ ತೊಳೆದುಕೊಂಡು ಬಂದು, ಮಂಡಿ ಗಲ್ಲಕ್ಕೆ ತಾಗುವ ಪುಟ್ಟ ಕುರ್ಚಿಯಲ್ಲಿ ಮಕ್ಕಳ ನಡುವೆ ಕೂತ. ಮಾಂಸದುಂಡೆಯ ಸೂಪು ಬಡಿಸಿದಳು. ನಮ್ಮಲ್ಲಿ ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವಂತಿಲ್ಲ, ಅದು ಅವಳ ನಲವತ್ತೊಂದು ವರ್ಷದ ಕಾನೂನು. ಕ್ರುಮೋವ್‌ಗೂ ನೆನಪಿತ್ತು. ಅವನ ಬಾಯಿ ತುಂಬಿರುವ ಗಳಿಗೆಯನ್ನೇ ಕಾದು ಅವಳು ಪ್ರಶ್ನೆ ಕೇಳತೊಡಗಿದಳು.

“ಇನ್ನೊಂದು ಸೌಟು ಹಾಕ್ಲಾ?”

ಅವನು ಬೇಡವೆಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಮಿನ್ಕಾ ಒಂದು ಸೌಟು ಸುರಿದಳು. ಜೇಬಿನಿಂದ ಚೀಟಿ ತೆಗೆದು ಪೆನ್ಸಿಲಿನಲ್ಲಿ ಏನೋ ಗೀಚಿದಳು.

“ಬ್ರೆಡ್ ಬೇಕಾ?”

ಬೇಕೆಂದು ಅಡ್ಡಡ್ಡ ಆಡಿಸಿದ. ಅವನ ಮುಂದಿದ್ದ ಬ್ರೆಡ್ಡಿನ ತಟ್ಟೆ ಎತ್ತಿಕೊಂಡು ಹೋದಳು. ಮತ್ತೆ ಗೀಚು.

“ಕಿಟಕಿ ತೆಗೀಲಾ?” ಬೇಡವೆಂದು ಗೋಣಾಡಿಸಿದ, ತೆಗೆದಳು. ಉಪ್ಪು ಬೇಕೆಂದ, ಉಪ್ಪಿನ ಡಬ್ಬಿ ಮಾಯವಾಯಿತು. ಇನ್ನೂ ಸೂಪು ಬೇಡ ಎಂದ, ತಟ್ಟೆ ಅಂಚಿನವರೆಗೆ ತುಂಬಿತು. ಮಕ್ಕಳು ಚಮಚ ಕೆಳಗಿಟ್ಟು ನೋಡತೊಡಗಿದರು. ಮನಶ್ಶಾಸ್ತ್ರಜ್ಞೆ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಕೊನೆಗೆ ಮಿನ್ಕಾ ಒಳಗಿನಿಂದ ಹಾಲಲ್ಲಿ ಬೇಯಿಸಿದ ಸಿಹಿ ಅನ್ನ ತಂದಳು, ಮೇಲೆ ಚಕ್ಕೆ ಪುಡಿ ಉದುರಿಸಿತ್ತು.

“ಇದು ನಿನಗೆ ಪ್ರಾಣ ಅಲ್ವಾ, ಮಿತ್ಕೋ? ಬೇಕಾ?”

ಅವನು ಕತ್ತು ಉಳುಕುವ ಹಾಗೆ ಅಡ್ಡಡ್ಡ ಆಡಿಸಿದ. ಅವಳು ಬಟ್ಟಲನ್ನು ಅಸ್ಪರುಖ್‌ನ ಮುಂದಿಟ್ಟಳು. ಅವನು ಯಾರ ಮುಖವನ್ನೂ ನೋಡದೆ ತಿನ್ನಲು ಶುರುಮಾಡಿದ.

“ಲೆಲ್ಯಾ!” ಕ್ರುಮೋವ್ ತುತ್ತು ನುಂಗಿಯೇ ಕೂಗಿದ. “ಬೇಕು ಅಂದೆನಲ್ಲ!”

“ಎಲ್ಲಿ ಅಂದೆ? ತಲೆ ಅಡ್ಡ ಆಡಿಸ್ದೆ. ನ್ಯಾಯವಾಗಿ ಅದು ಬೇಡ ಅಂತ. ನಿನ್ನ ಕರಡೀನ ಕೇಳು, ಇಪ್ಪತ್ತೆರಡು ದೇಶದಲ್ಲಿ ಕೇಳು.” ಚೀಟಿಯನ್ನು ಎತ್ತಿ ಹಿಡಿದು, ನನ್ನ ಕಡೆ ತಿರುಗಿದಳು. “ಟೀಚರಮ್ಮ, ಬರ್ಕೋ. ದಿಮಿತರ್ ಕ್ರುಮೋವ್, ಆರಕ್ಕೆ ಸೊನ್ನೆ. ಗಮನ ಕೊಡುವ ಶಕ್ತಿ ಕಡಿಮೆ. ಸೆಪ್ಟೆಂಬರಿನಿಂದ ನದಿಯಾಚೆ ವಿಶೇಷ ಗುಂಪಿಗೆ.”

ಮಕ್ಕಳು ಮೇಜು ಬಡಿದು ನಕ್ಕರು. ನನ್ನ ದುಂಡು ಅಕ್ಷರದ ಮಾತು ಅವಳ ಬಾಯಲ್ಲಿ ಬಂದಾಗ ಅರ್ಧ ಏಟು ನನಗೂ ಬಿತ್ತು. ಕ್ರುಮೋವ್ ತುಂಬಿದ ಸೂಪಿನ ತಟ್ಟೆಯನ್ನೇ ನೋಡುತ್ತಾ ಕೂತ. ಅವನು ದಡ್ಡನೇನಲ್ಲ. ತನ್ನ ಕತ್ತನ್ನು ತಾನೇ ಮುಟ್ಟಿಕೊಂಡು, “ಆ ಹುಡುಗಿ ಎಲ್ಲಿ?” ಎಂದು ಕೇಳಿದ.

ಮಿನ್ಕಾ ಅಡುಗೆಮನೆಯ ಟವೆಲ್ಲನ್ನು ಎರಡು ಬಟ್ಟೆ ಕ್ಲಿಪ್ಪು ಹಾಕಿ ತೆರೆಯ ಎಡ ಮೂಲೆಗೆ ಇಳಿಬಿಟ್ಟಳು. ಕರಡಿ ಮರೆಯಾಯಿತು. ಬಾಯಿಗೆ ಅನ್ನ ಮೆತ್ತಿಕೊಂಡ ಅಸ್ಪರುಖ್ ಹಿಂದಿನಿಂದ ಇಣುಕಿ, “ಟವೆಲ್ ಯಾಕೆ?” ಎಂದ.

“ಕರಡಿ ಕಾಣ್ಬಾರ್ದು ಅಂತ.”

“ಇದ್ರಲ್ಲಿ ಕರಡಿ ಇತ್ತಾ?” ಎಂದ ಅವನು. ಹದಿನೆಂಟು ಅಂಕದ ಗುಟ್ಟು ಅಷ್ಟೇ.

ಬಿಸೆರಾ ಕೂತಳು. ಸೇಬು ಬಂದವು. ಅವಳು ಮೂರನ್ನು ಒತ್ತಿ, ಟವೆಲ್ಲಿನ ಕಡೆ ನೋಡಿ, ಕೈ ಹಿಂದೆಳೆದಳು.

“ಲೆಲ್ಯಾ, ಕರಡಿ ಏನಂತಾನೋ?”

“ಅವನು ಮಲಗಿದಾನೆ ಪುಟ್ಟಿ, ಎಬ್ಬಿಸ್ಬೇಡ. ನಿನಗೆ ಯಾವುದು ಅನ್ಸುತ್ತೋ ಅದನ್ನೇ ಒತ್ತು.”

ಗಂಟೆ ಬಾರಿಸಿತು. ನನ್ನ ತೆರೆಯಲ್ಲಿ ಹಸಿರು. ಮತ್ತೆ ಹಸಿರು. ಹಸಿರು ಚುಕ್ಕೆಗಳು ಒಂದರ ಹಿಂದೆ ಒಂದು ಸಾಲುಗಟ್ಟಿದಾಗ ನಾನು ಮನಶ್ಶಾಸ್ತ್ರಜ್ಞೆಯ ತೋಳನ್ನು ಹಿಡಿದುಕೊಂಡಿದ್ದೆ, ಆಕೆ ಬಿಡಿಸಿಕೊಳ್ಳಲಿಲ್ಲ. ಹತ್ತೊಂಬತ್ತು ಹಸಿರು ಬಂದವು. ಇಪ್ಪತ್ತನೆಯದಾಗಿ ಬಂತು ಹಸು, ಕುರಿ, ನಾಯಿ, ತೋಳ. ಬಿಸೆರಾ ಕುರಿಯನ್ನು ಒತ್ತಿ ಗಂಟೆ ಬಾರಿಸಿದಳು. ಕೆಂಪು.

“ಒಂದು ತಪ್ಪು, ಪರವಾಗಿಲ್ಲ,” ಎಂದು ಕ್ರುಮೋವ್ ಪೆನ್ನು ತೆಗೆದ. ಮಿನ್ಕಾ ತನ್ನ ಒದ್ದೆ ಅಂಗೈಯನ್ನು ಅವನ ಕಾಗದದ ಮೇಲೆ ಊರಿದಳು.

“ಬರೀಬೇಡ. ಮೊದಲು ಕೇಳು.”

“ಏನು ಕೇಳ್ಲಿ, ಲೆಲ್ಯಾ?”

“ಯಾಕೆ ಅಂತ ಕೇಳು.” ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ನನ್ನನ್ನ ಯಾರೂ ಕೇಳ್ಲಿಲ್ಲ.”

ಕ್ರುಮೋವ್ ಪೆನ್ನು ಕೆಳಗಿಟ್ಟು ಮಗುವಿನ ಎತ್ತರಕ್ಕೆ ಬಗ್ಗಿದ. “ಕುರಿ ಯಾಕಮ್ಮ?”

ಬಿಸೆರಾ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವನು ನಿಜವಾಗಿ ಕೇಳುತ್ತಿದ್ದಾನೆ ಎಂದು ಖಾತ್ರಿಯಾದ ಮೇಲೆ ಹೇಳಿದಳು.

“ಎಲ್ರೂ ನಮ್ಮನ್ನ ನೋಡ್ತಿದಾರೆ. ಕುರಿ ಒಂದೇ ಆ ಕಡೆ ನೋಡ್ತಿದೆ.”

ನಾವು ನಾಲ್ವರು ದೊಡ್ಡವರು ತೆರೆಗೆ ಮೂಗು ತಾಗುವಷ್ಟು ಬಗ್ಗಿದೆವು. ಹಸು ನಮ್ಮನ್ನೇ ನೋಡುತ್ತಿತ್ತು. ನಾಯಿ ನೋಡುತ್ತಿತ್ತು. ತೋಳವೂ ನೋಡುತ್ತಿತ್ತು. ಕುರಿ ಮುಖ ತಿರುಗಿಸಿಕೊಂಡು ಎಲ್ಲಿಗೋ ನೋಡುತ್ತಿತ್ತು. ಆರು ತಿಂಗಳು ದಿನವೂ ಈ ಚಿತ್ರ ಕಂಡಿದ್ದೆ, ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಮಿನ್ಕಾ ಕಾಗದದ ಮೇಲಿಂದ ಕೈ ತೆಗೆದಳು. ಅಂಗೈಯ ಒದ್ದೆ ಗುರುತಿನಡಿಯಲ್ಲಿ ಬಿಸೆರಾಳ ಹೆಸರು ಅರ್ಧ ಅಳಿಸಿತ್ತು. ಅವಳು ಒಳಗೆ ಹೋಗಿ ಇನ್ನೊಂದು ಬಟ್ಟಲು ಸಿಹಿ ಅನ್ನ ತಂದು ಕ್ರುಮೋವ್‌ನ ಕೈಗೆ ಕೊಟ್ಟಳು. ಅವನು ನಿಂತಲ್ಲೇ ದೊಡ್ಡದೊಂದು ಚಮಚ ಬಾಯಿಗಿಟ್ಟುಕೊಂಡ. ಅದೇ ಗಳಿಗೆಗೆ ಕೇಳಿದಳು.

“ಹಂಗಾದ್ರೆ ಮಿತ್ಕೋ, ಸೆಪ್ಟೆಂಬರಿಗೆ ನಮ್ಮ ಹುಡುಗಿ ನರಿ ಬ್ಯಾಗ್ ಹಾಕ್ಕೊಂಡು ಎಲ್ರ ಜೊತೆ ಹೋಗ್ಬಹುದಾ?”

ಬಾಯಿ ತುಂಬಿತ್ತು, ಕಾನೂನು ಕಾನೂನೇ. ಕ್ರುಮೋವ್ ತಲೆಯನ್ನು ನಿಧಾನವಾಗಿ ಅಡ್ಡಡ್ಡ ಆಡಿಸಿದ.

ನನ್ನ ಕತ್ತಿನ ಸಡಿಲ ತಿರುಪು ಅದನ್ನು ‘ಇಲ್ಲ’ ಎಂದೇ ಓದಿತು. ಅಷ್ಟರಲ್ಲಿ ಬಿಸೆರಾ ಕುರ್ಚಿಯಿಂದ ಜಿಗಿದು ಚಪ್ಪಾಳೆ ತಟ್ಟಿದಳು.